ಎರಡು ಜೊತೆ ಕಣ್ಣು

ಫೋನು ಬಂದದ್ದು ಸೋಮವಾರ ಬೆಳಿಗ್ಗೆ. ಪ್ರಯೋಗಾಲಯದ ಈಗಿನ ಮುಖ್ಯಸ್ಥೆಯಂತೆ. ದನಿ ಕೇಳಿದರೆ ನಲವತ್ತರ ಆಸುಪಾಸು.

"ಹಳೇ ಮೆಸಾನ್ ಪ್ರಯೋಗದ ಹಾಳೆಗಳನ್ನೆಲ್ಲ ಕಂಪ್ಯೂಟರಿಗೆ ಹಾಕ್ತಿದ್ದೀವಿ ಅಮ್ಮ. ನಿಮ್ಮ ಅತ್ತಿಗೆಯವರ ಹಾಳೆಗಳಲ್ಲಿ ಒಂದು ಅನುಮಾನ ಇದೆ. ಇಬ್ರೂ ಒಂದ್ಸಲ ಬಂದು ಹೋಗೋಕಾಗುತ್ತಾ?"

ಈ ಅನುಮಾನ ಯಾವತ್ತಾದರೂ ಒಂದು ದಿನ ಬಂದೇ ಬರುತ್ತದೆ ಎಂದು ನಾನು ನಲವತ್ತೊಂದು ವರ್ಷದಿಂದ ಕಾಯುತ್ತಿದ್ದೆ.

ಅತ್ತಿಗೆಗೆ ವಿಷಯ ಹೇಳಿದ್ದೇ ತಡ, ಎಂಬತ್ತರ ಮುದುಕಿ ಬೀರು ತೆಗೆದು ಇಸ್ತ್ರಿ ಮಾಡಿದ ಬಟ್ಟೆ ಹುಡುಕತೊಡಗಿದರು. "ಅನುಮಾನವಂತೆ! ಇರಲಿ ಬಿಡೇ, ನಮ್ಮನ್ನ ನೆನಪಿಟ್ಕೊಂಡಿದ್ದಾರಲ್ಲ" ಎಂದರು. ನನಗೆ ಕೋಪ ಮೂಗಿನ ತುದಿಯಲ್ಲಿ. ಅದಕ್ಕೇ ನಾವಿಬ್ಬರೂ ಆ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ ಕಾಲದಲ್ಲಿ ಎಲ್ಲರೂ ನನ್ನನ್ನು ಮೆಣಸಿನಕಾಯಿ ಎನ್ನುತ್ತಿದ್ದರು. ಆದರೆ ಆವತ್ತು ಜಗಳವಾಡದೆ ಚಪ್ಪಲಿ ಮೆಟ್ಟಿಕೊಂಡು ಅವರ ಹಿಂದೆ ಹೊರಟೆ.

ಬಸ್ ನಿಲ್ದಾಣದಲ್ಲಿ ಬಂದ ಬಸ್ಸಿಗೆಲ್ಲ ನಾನು ಕೈ ತೋರಿಸಿದೆ. "ಅದಲ್ವೇ, ಹಿಂದಿನದು" ಎಂದು ಅತ್ತಿಗೆ ತೋಳು ಹಿಡಿದೆಳೆದರು. ಅವರಿಗೆ ಎಷ್ಟೋ ವರ್ಷದ ಹಿಂದೆಯೇ ಕಣ್ಣಿನ ಪೊರೆ ತೆಗೆದಾಗಿದೆ. ಈಗ ಇರುವೆಯ ಮೀಸೆ ಎಣಿಸುವಷ್ಟು ಚೆನ್ನಾಗಿ ಕಾಣುತ್ತದೆ ಎಂದು ಅವರೇ ಹೇಳಿಕೊಂಡು ತಿರುಗುತ್ತಾರೆ. ನನಗೋ ಒಂದು ವರ್ಷದಿಂದ ನೋಟದ ನಟ್ಟನಡುವೆ ಹೊಗೆಯಂಥದೊಂದು ಕೂತಿದೆ. ಎದುರಿನವರ ಕಿವಿ ಕಾಣುತ್ತದೆ, ಮೂಗು ಕಾಣುವುದಿಲ್ಲ. ಅದನ್ನು ಯಾರಿಗೂ ಹೇಳಿರಲಿಲ್ಲ.

ಬಸ್ಸಿನಲ್ಲಿ ಕೂತು ನಾನು ನಿರ್ಧಾರ ಮಾಡಿದೆ. ಆಕೆ ಬಾಯಿ ಬಿಡುವ ಮೊದಲೇ ನಾನೇ ಒಪ್ಪಿಕೊಂಡುಬಿಡಬೇಕು. ತಪ್ಪು ನನ್ನದು, ಅತ್ತಿಗೆಯದಲ್ಲ ಎನ್ನಬೇಕು. ಅವರ ಹೆಸರಿಗೆ ಈ ವಯಸ್ಸಿನಲ್ಲಿ ಮಸಿ ಹತ್ತಬಾರದು.

ನಮ್ಮ ಕೆಲಸ ಏನಿತ್ತೆಂದು ಹೇಳಿದರೆ ಈಗಿನವರು ನಗುತ್ತಾರೆ. ಎಲ್ಲೋ ದೂರದ ದೊಡ್ಡ ಯಂತ್ರದಲ್ಲಿ ಮೆಸಾನ್ ಎಂಬ ಕಣಗಳನ್ನು ಭಾರೀ ವೇಗದಲ್ಲಿ ಓಡಿಸಿ, ದ್ರವರೂಪದ ಹೈಡ್ರೋಜನ್ ತುಂಬಿದ ತೊಟ್ಟಿಯೊಳಗೆ ನುಗ್ಗಿಸುತ್ತಿದ್ದರು. ಅವು ಹೋದ ದಾರಿಯುದ್ದಕ್ಕೂ ಸಣ್ಣ ಗುಳ್ಳೆಗಳ ಗೆರೆ ಮೂಡುತ್ತಿತ್ತು. ಯಾವುದಾದರೂ ಮೆಸಾನ್ ಅಲ್ಲಿದ್ದ ಪ್ರೋಟಾನಿಗೆ ಡಿಕ್ಕಿ ಹೊಡೆದರೆ, ಆ ಜಾಗದಿಂದ ಹೊಸ ಕಣಗಳು ಹುಟ್ಟಿ ಎರಡು, ನಾಲ್ಕು, ಆರು ಗೆರೆಗಳಾಗಿ ಚೆದುರುತ್ತಿದ್ದವು. ಅದರ ಫೋಟೋ ಸುರುಳಿಗಳು ನಮ್ಮಲ್ಲಿಗೆ ಬರುತ್ತಿದ್ದವು. ಕಪ್ಪು ಪರದೆ ಎಳೆದ ಕೋಣೆಯಲ್ಲಿ ಬಿಳಿ ಮೇಜಿನ ಮೇಲೆ ಒಂದೊಂದೇ ಚಿತ್ರ ಬಿಟ್ಟುಕೊಂಡು, ಎಲ್ಲಿ ಡಿಕ್ಕಿಯಾಗಿದೆ, ಎಷ್ಟು ಗೆರೆ ಎದ್ದಿವೆ ಎಂದು ಹಾಳೆಯಲ್ಲಿ ಬರೆಯುವುದು ನಮ್ಮ ಕೆಲಸ. ಎಲ್ಲಕ್ಕಿಂತ ಕಷ್ಟದ್ದು ಕವೆ. ಕೆಲವು ಕಣಗಳು ಗೆರೆಯನ್ನೇ ಬಿಡದೆ ಕದ್ದು ಹೋಗಿ, ಒಂದಷ್ಟು ದೂರದಲ್ಲಿ ಒಡೆದು ಎರಡಾಗುತ್ತಿದ್ದವು. ಖಾಲಿ ಜಾಗದಲ್ಲಿ ಇದ್ದಕ್ಕಿದ್ದ ಹಾಗೆ ಕವೆಕಡ್ಡಿಯಂಥ ಎರಡು ಗೆರೆ. ಮೇಲಿನವರಿಗೆ ಬೇಕಾಗಿದ್ದದ್ದೇ ಅದರ ಎಣಿಕೆ.

ಅತ್ತಿಗೆ ನನಗಿಂತ ಮೊದಲೇ ಅಲ್ಲಿ ಸೇರಿದವರು. ನನ್ನನ್ನು ಸೇರಿಸಿದ್ದೂ ಅವರೇ. ಇಡೀ ಪ್ರಯೋಗ ನಡೆಸುತ್ತಿದ್ದ ವಿಜ್ಞಾನಿಯನ್ನು ನಾವು ಡಾಕ್ಟರು ಎನ್ನುತ್ತಿದ್ದೆವು. ಆ ಮನುಷ್ಯ ಅತ್ತಿಗೆಗೆ ಹದ್ದಿನ ಕಣ್ಣು ಎಂದೇ ಹೆಸರಿಟ್ಟಿದ್ದರು. ಮನೆಯಲ್ಲಿ ಅತ್ತಿಗೆ ಅಣ್ಣನ ಹೆಂಡತಿ, ಮಕ್ಕಳ ತಾಯಿ, ಯಾರಿಗೆ ಜ್ವರ ಬಂದರೂ ಏಳಬೇಕಾದವರು. ಆ ಕತ್ತಲ ಕೋಣೆಯಲ್ಲಿ ಮಾತ್ರ ಅವರು ಹದ್ದಿನ ಕಣ್ಣು. ಬೆಳಿಗ್ಗೆ ಗೇಟು ದಾಟುತ್ತಿದ್ದ ಹಾಗೇ ಅವರ ನಡಿಗೆ ಬದಲಾಗುತ್ತಿತ್ತು. ಅದನ್ನು ನೋಡುವುದೇ ನನಗೊಂದು ಖುಷಿ.

ಅಲ್ಲಿ ಒಂದೇ ಒಂದು ಕಟ್ಟುನಿಟ್ಟಿನ ನಿಯಮ ಇತ್ತು. ಒಂದೊಂದು ಸುರುಳಿಯನ್ನೂ ಇಬ್ಬರು ನೋಡಬೇಕು, ಒಬ್ಬರು ಕಂಡದ್ದನ್ನು ಇನ್ನೊಬ್ಬರಿಗೆ ಹೇಳಬಾರದು. "ಧಾನ್ಯದಲ್ಲಿ ಕಲ್ಲು ಹುಡುಕೋದಿದ್ದ ಹಾಗೆ" ಎಂದು ಡಾಕ್ಟರು ಮೊದಲ ದಿನವೇ ಹೇಳಿದ್ದರು. "ನೀವು ಕಂಡ ಹತ್ತು ಕಲ್ಲಲ್ಲಿ ಅವರಿಗೆ ಒಂಬತ್ತು ಕಂಡ್ರೆ, ಅವರ ಕಣ್ಣಿಗೆ ಹತ್ತರಲ್ಲಿ ಒಂದು ಬಿಟ್ಟುಹೋಗುತ್ತೆ ಅಂತ ಗೊತ್ತಾಯ್ತು. ಹಾಗೇ ನಿಮ್ಮ ಕಣ್ಣಿನದೂ ಗೊತ್ತಾಗುತ್ತೆ. ಇಬ್ಬರಿಗೂ ಕಾಣದ್ದು ಎಷ್ಟು ಅಂತ ನಾನು ಅದರಿಂದ ಲೆಕ್ಕ ಹಾಕ್ತೀನಿ. ಬಿಟ್ಟುಹೋದ್ರೆ ಪರವಾಗಿಲ್ಲಮ್ಮ. ಎಷ್ಟು ಬಿಟ್ಟುಹೋಗಿದೆ ಅಂತ ಗೊತ್ತಿರಬೇಕು, ಅಷ್ಟೇ. ಇಬ್ಬರೂ ಪಿಸುಗುಟ್ಟಿದ್ರೆ ನನ್ನ ಲೆಕ್ಕ ಮಣ್ಣುಪಾಲು."

ಐದನೆಯ ವರ್ಷ ಅತ್ತಿಗೆಗೆ ಮೇಜಿನ ಬೆಳಕು ಮಂಜಾಗತೊಡಗಿತು. ನಲವತ್ತು ತುಂಬುವ ಮೊದಲೇ ಪೊರೆ. ಆಸ್ಪತ್ರೆಯಲ್ಲಿ, ಇನ್ನೂ ಬಲಿತಿಲ್ಲ, ಬಲಿತ ಮೇಲೆ ತೆಗೆಯೋಣ ಎಂದು ಕಳಿಸಿಬಿಟ್ಟರು. ಆಗೆಲ್ಲ ಹಾಗೆಯೇ. ಅದೇ ವರ್ಷ, ಕಣ್ಣು ಸೋತ ಇಬ್ಬರನ್ನು ಕೆಲಸದಿಂದ ಬಿಡಿಸಿದ್ದರು. ಅತ್ತಿಗೆಯ ಹಾಳೆಯಲ್ಲಿ ಕವೆಗಳು ದಿನೇ ದಿನೇ ಕಡಿಮೆಯಾಗುವುದು ನನಗೆ ತಿಳಿಯುತ್ತಿತ್ತು. ಒಂದು ಮಧ್ಯಾಹ್ನ ಊಟದ ಹೊತ್ತಿಗೆ ನಾನು ಕಂಡ ಕವೆಗಳ ಚಿತ್ರಸಂಖ್ಯೆಗಳನ್ನು ಚೀಟಿಯಲ್ಲಿ ಬರೆದು ಅವರ ಡಬ್ಬಿಯ ಕೆಳಗೆ ತಳ್ಳಿದೆ.

ಅವರು ಚೀಟಿ ಹಿಂದಕ್ಕೆ ತಳ್ಳಿದರು. "ಬೇಡ" ಎಂದರು. ನಾನು ಊಟ ಬಿಟ್ಟು ಎದ್ದೆ. ಮೂರು ದಿನ ಮುಖ ಊದಿಸಿಕೊಂಡಿದ್ದೆ. ನಾಲ್ಕನೆಯ ದಿನ ಅವರು ಸುಮ್ಮನೆ ಕೈ ಚಾಚಿದರು. ಅಲ್ಲಿಂದ ಹದಿಮೂರು ತಿಂಗಳು, ಪ್ರಯೋಗ ಮುಗಿಯುವವರೆಗೆ, ಚೀಟಿ ನಡೆಯಿತು.

ಆ ದಿನಗಳ ನೆನಪು ಬಂದರೆ ಈಗಲೂ ಮೊದಲು ಬರುವುದು ವಾಸನೆ, ಬಿಸಿಯಾದ ಫಿಲ್ಮಿನ ಹುಳಿ ವಾಸನೆ. ಆಮೇಲೆ ಪ್ರೊಜೆಕ್ಟರಿನ ಫ್ಯಾನಿನ ಗುಯ್ ಎನ್ನುವ ಶಬ್ದ. ಪಕ್ಕದ ಮೇಜಿನಲ್ಲಿ ಅತ್ತಿಗೆ ಏನಾದರೂ ಬರೆದ ಮೇಲೆ ಪೆನ್ಸಿಲನ್ನು ಹಾಳೆಗೆ ಟಕ್ ಎಂದು ಒಂದು ಸಲ ಕುಟ್ಟುತ್ತಿದ್ದರು. ಮೊದಲೆಲ್ಲ ಇಲ್ಲದ ಅಭ್ಯಾಸ. ಕಣ್ಣು ಕಾಣದ ಸಿಟ್ಟನ್ನು ಪೆನ್ಸಿಲಿನ ಮೇಲೆ ತೀರಿಸಿಕೊಳ್ಳುತ್ತಾರೆ ಎಂದುಕೊಂಡು ನಾನು ಸುಮ್ಮನಿರುತ್ತಿದ್ದೆ. ಆ ಟಕ್ ಕೇಳಿದಾಗಲೆಲ್ಲ, ನಮ್ಮ ಗುಟ್ಟು ಭದ್ರವಾಗಿದೆ ಎಂದು ನನಗೊಂಥರಾ ನೆಮ್ಮದಿ. ಎಂಥ ಒಳ್ಳೆಯ ದಿನಗಳವು! ಕತ್ತಲಲ್ಲಿ ಹನ್ನೆರಡು ಹೆಂಗಸರು, ಯಾರದೋ ಗುನುಗು, ಯಾರದೋ ಆಕಳಿಕೆ, ಮಗ್ಗುಲಲ್ಲಿ ಅತ್ತಿಗೆ. ಇನ್ನೇನು ಬೇಕಿತ್ತು ನನಗೆ?

ಪ್ರಯೋಗದ ಫಲಿತಾಂಶ ಅಚ್ಚಾಗಿ ಬಂತು. ಕೊನೆಯ ಪುಟದಲ್ಲಿ ನಮ್ಮ ಹನ್ನೆರಡು ಜನಕ್ಕೂ ಕೃತಜ್ಞತೆ. ಅತ್ತಿಗೆ ಆ ಪುಟಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. ನಾನು ಮಾತ್ರ ಅದರ ಕಡೆ ತಲೆಯೆತ್ತಿ ನೋಡಲಿಲ್ಲ. ನನ್ನ ಚೀಟಿಯಿಂದಾಗಿ ನಮ್ಮಿಬ್ಬರ ಹಾಳೆಗಳು ಹೊಂದಿಕೊಂಡಿದ್ದವು. ಹೊಂದಿಕೊಂಡಿದ್ದರಿಂದ ಏನೂ ಬಿಟ್ಟುಹೋಗಿಲ್ಲವೆಂದು ಡಾಕ್ಟರು ನಂಬಿರಬೇಕು. ಹಾಗಾದರೆ ಅಚ್ಚಾಗಿ ಬಂದ ಎಣಿಕೆ ಸುಳ್ಳು, ಜಗತ್ತಿನ ಎಷ್ಟೋ ಜನ ಅದನ್ನು ನಿಜವೆಂದು ಓದುತ್ತಿದ್ದಾರೆ. ಡಾಕ್ಟರು ತೀರಿಕೊಂಡ ದಿನ ಎಲ್ಲರಿಗಿಂತ ಜೋರಾಗಿ ಅತ್ತವಳು ನಾನು. ಯಾಕೆಂದು ಯಾರಿಗೂ ಗೊತ್ತಿರಲಿಲ್ಲ.

ಮುಖ್ಯಸ್ಥೆ ನಮ್ಮನ್ನು ಕರೆದುಕೊಂಡು ಹೋದದ್ದು ಅದೇ ಹಳೆಯ ಕೋಣೆಗೆ. ಕಪ್ಪು ಪರದೆ ಹೋಗಿ ಕಿಟಕಿ ಬಂದಿತ್ತು. ಮೂಲೆಯಲ್ಲಿ ಒಂದೇ ಒಂದು ಮೇಜು, ನೋಡಲು ಬರುವವರಿಗೆ ತೋರಿಸಲೆಂದು ಉಳಿಸಿಕೊಂಡಿದ್ದರಂತೆ. ಆಕೆ ಹಾಳೆಗಳ ಕಟ್ಟು ಬಿಚ್ಚುತ್ತಿದ್ದಳು. ನನಗೆ ತಡೆಯಲಾಗಲಿಲ್ಲ.

"ಚೀಟಿ ಕೊಟ್ಟಿದ್ದು ನಾನು" ಎಂದೆ. "ಇವರಿಗೆ ಕಣ್ಣು ಕಾಣ್ತಿರಲಿಲ್ಲ. ನಾನೇ ಬಲವಂತ ಮಾಡಿ ಕೊಟ್ಟೆ. ಲೆಕ್ಕ ಹಾಳಾಗಿದ್ರೆ ಪಾಪ ನಂದು, ಇವರನ್ನ ಏನೂ ಅನ್ನಬೇಡಿ."

ಆಕೆ ಬೆರಗಾಗಿ ನನ್ನನ್ನೇ ನೋಡಿದಳು. "ಅಂದ್ರೆ ಅದು ಹೀಗಾ!" ಎಂದು ಕುರ್ಚಿ ಎಳೆದುಕೊಂಡು ಕೂತಳು. "ಅಮ್ಮ, ನನ್ನ ಅನುಮಾನವೇ ಬೇರೆ ಇತ್ತು. ಇವರ ಕೊನೇ ವರ್ಷದ ಹಾಳೆಗಳಲ್ಲಿ ಎಷ್ಟೋ ಕವೆಗಳ ಪಕ್ಕ ಒಂದೊಂದು ಪೆನ್ಸಿಲ್ ಚುಕ್ಕೆ ಇದೆ. ನಾನು ಆ ಚಿತ್ರಗಳನ್ನ ತೆಗೆದು ನೋಡಿದೆ. ಎಲ್ಲವೂ ನಿಜವಾದ ಕವೆಗಳೇ. ಆದ್ರೂ ಡಾಕ್ಟರ ಪುಸ್ತಕದಲ್ಲಿ ಹೀಗೆ ಬರೆದಿದೆ." ಹಳೆಯ ನೋಟುಪುಸ್ತಕ ತೆರೆದು ಓದಿದಳು: "ಎರಡನೇ ಮೇಜು. ಚುಕ್ಕೆ ಇರುವುದನ್ನು ಆಕೆ ಕಂಡಿಲ್ಲ ಎಂದೇ ಹಿಡಿಯಬೇಕು." ಪುಸ್ತಕ ಮುಚ್ಚಿದಳು. "ಎರಡನೇ ಮೇಜು ಅಂದ್ರೆ ಇವರದು. ಸರಿಯಾಗಿ ಬರೆದಿದ್ದನ್ನ ಯಾಕೆ ತೆಗೆದುಹಾಕಿದ್ರು ಅಂತ ಕೇಳೋಕೆ ನಿಮ್ಮನ್ನ ಕರೆಸಿದ್ದು."

ನಾನು ಅತ್ತಿಗೆಯ ಕಡೆ ತಿರುಗಿದೆ. ಹೊಗೆಯ ಸುತ್ತ ಅವರ ಬಿಳಿಕೂದಲು ಮಾತ್ರ ಕಾಣುತ್ತಿತ್ತು.

"ಟಕ್" ಎಂದೆ.

"ಹ್ಞೂಂ. ನಾನೇ ಕಂಡಿದ್ದಕ್ಕೆ ಕುಟ್ತಿರಲಿಲ್ಲ, ನಿನ್ನ ಚೀಟೀದಕ್ಕೆ ಕುಟ್ತಿದ್ದೆ" ಎಂದರು ಅತ್ತಿಗೆ, ಸೊಪ್ಪು ಬಿಡಿಸುವವರಷ್ಟೇ ಸಮಾಧಾನವಾಗಿ. "ಮೊದಲ ವಾರವೇ ಹೋಗಿ ಡಾಕ್ಟರಿಗೆ ಎಲ್ಲಾ ಹೇಳ್ದೆ. ಬಿಡಿಸ್ತಾರೆ ಅಂತಲೇ ಅಂದ್ಕೊಂಡಿದ್ದೆ. ಅವರು, ನಿಮ್ಮ ಕಣ್ಣಿಗೆ ಎಷ್ಟು ಬಿಟ್ಟುಹೋಗುತ್ತೆ ಅಂತ ನನಗೆ ಗೊತ್ತಾದ್ರೆ ಸಾಕು, ಕೂತ್ಕೊಳ್ಳಿ ಅಂದ್ರು."

ಅಂದರೆ ಅಚ್ಚಾಗಿ ಬಂದ ಎಣಿಕೆ ಸರಿಯಾಗಿಯೇ ಇತ್ತು. ಗೋಡೆಯ ಮೇಲಿನ ಚೌಕಟ್ಟು ಸರಿಯಾಗಿಯೇ ಇತ್ತು. ನನಗೆ ಅಳು ಬರಬೇಕಿತ್ತು. ಬಂದದ್ದು ಕೋಪ.

"ನಲವತ್ತೊಂದು ವರ್ಷ! ಒಂದು ಮಾತು ಹೇಳೋಕೇನಾಗಿತ್ತು ನಿಮಗೆ? ನಾನು ಇಲ್ಲಿ ಒಳಗೊಳಗೇ ಬೆಂದು ಸಾಯ್ತಿದ್ದೆ, ನೀವು ಆರಾಮಾಗಿ..."

"ನೀನು ಬೇಯ್ತಿದ್ದೀಯ ಅಂತ ನನಗೇನೇ ಗೊತ್ತು? ನೀನು ಯಾವತ್ತಾದ್ರೂ ಬಾಯಿಬಿಟ್ಯಾ?" ಅವರ ದನಿಯೂ ಏರಿತು. ಆಮೇಲೆ ಇಳಿಯಿತು. "ಚೀಟಿ ಬೇಡ ಅಂದಿದ್ದಕ್ಕೆ ನೀನು ಮೂರು ದಿನ ಮುಖ ಊದಿಸ್ಕೊಂಡೆ. ಡಾಕ್ಟರಿಗೆ ಹೇಳಿದೀನಿ ಅಂದಿದ್ರೆ ನೀನು ಕೆಲಸಾನೇ ಬಿಡ್ತಿದ್ದೆ. ನಿನ್ನನ್ನ ನನಗೆ ಗೊತ್ತಿಲ್ವಾ? ಆಮೇಲೆ ಆ ಕತ್ತಲಲ್ಲಿ ನಾನೊಬ್ಬಳೇ ಹೇಗೆ ಕೂರೋದು?"

ನನ್ನ ಕೋಪ ಅಲ್ಲಿಗೇ ಠುಸ್ಸಾಯಿತು. ಅವರನ್ನು ನಾನು ಹಿಡಿದು ನಿಲ್ಲಿಸಿದ್ದೇನೆ ಎಂದು ಇಷ್ಟು ವರ್ಷ ತಿಳಿದಿದ್ದೆ. ಹಾಗೆ ತಿಳಿಯಲು ಅವರು ನನ್ನನ್ನು ಬಿಟ್ಟಿದ್ದರು.

ಮುಖ್ಯಸ್ಥೆ ಎದ್ದು ಕಿಟಕಿಯ ಬಾಗಿಲು ಮುಚ್ಚಿ ಕತ್ತಲೆ ಮಾಡಿದಳು. ಮೂಲೆಯ ಮೇಜಿಗೆ ಸುರುಳಿ ಹಾಕಿ ದೀಪ ಹತ್ತಿಸಿದಳು. ಫ್ಯಾನು ಗುಯ್ ಎಂದಿತು. "ಒಂದೇ ಒಂದು ಚಿತ್ರ. ಇಬ್ರೂ ಬರೆದುಕೊಡ್ತೀರಾ? ನಿಯಮದ ಪ್ರಕಾರ, ಬೇರೆ ಬೇರೆಯಾಗಿ" ಎಂದು ಎರಡು ಖಾಲಿ ಹಾಳೆ ಕೊಟ್ಟಳು.

ಅತ್ತಿಗೆ ಮೊದಲು ಕೂತರು. ಒಂದು ನಿಮಿಷವೂ ಆಗಲಿಲ್ಲ, ಬರೆದು, ಹಾಳೆ ಮಡಚಿ ಎದ್ದರು. ಆಮೇಲೆ ನಾನು. ಗೆರೆಗಳು ನೀರಲ್ಲಿ ನೆಂದ ದಾರದ ಹಾಗೆ ಸೊಟ್ಟಗೆ ಕಂಡವು. ತಲೆಯನ್ನು ಓರೆ ಮಾಡಿ, ಕಣ್ಣಂಚಿನಿಂದ ನೋಡಿ, ನಾಲ್ಕು ಗೆರೆ ಎಂದು ಬರೆದೆ. ಕವೆಗಾಗಿ ಇಡೀ ಮೇಜು ಹುಡುಕಿದೆ. ಎಲ್ಲಿ ನೇರ ನೋಡಿದರೂ ಅಲ್ಲಿ ಹೊಗೆ. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ, ಕೈಯಲ್ಲಿ ಪೆನ್ಸಿಲು ಒದ್ದೆಯಾಗಿತ್ತು.

ಕೆಳಗಿಟ್ಟಿದ್ದ ಚೀಲ ಎತ್ತಿಕೊಳ್ಳುವವರ ಹಾಗೆ ಅತ್ತಿಗೆ ನನ್ನ ಹಿಂದೆ ಬಗ್ಗಿದರು. ಕಿವಿಯ ಹತ್ತಿರ ಅವರ ಉಸಿರು.

"ಬಲಗಡೆ ಮೇಲೆ, ಒಂದು ಗೇಣು ದೂರ" ಎಂದು ಪಿಸುಗುಟ್ಟಿದರು. "ಬಸ್ಸಿನ ನಂಬರು ಯಾವಾಗಿಂದ ಕಾಣ್ತಿಲ್ಲ ನಿಂಗೆ? ನಾಳೆನೇ ಆಸ್ಪತ್ರೆಗೆ ಹೋಗೋಣ, ನಾನೂ ಬರ್ತೀನಿ."

ಹಾಳೆಯಲ್ಲಿ ಕವೆ ಒಂದು ಎಂದು ಬರೆದೆ. ಅದರ ಪಕ್ಕಕ್ಕೆ ಪೆನ್ಸಿಲಿನ ಮೊನೆ ತಂದು ಒಮ್ಮೆ ಟಕ್ ಎಂದು ಕುಟ್ಟಿದೆ. ಹಿಂದೆ ಅತ್ತಿಗೆಯ ಕೈ ನನ್ನ ಹೆಗಲ ಮೇಲೆ ಬಂದು ಕೂತಿತು.

ಮುಖ್ಯಸ್ಥೆ ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದಳು. ನನ್ನದರಲ್ಲಿದ್ದ ಚುಕ್ಕೆಯ ಮೇಲೆ ಅವಳ ಬೆರಳು ಸ್ವಲ್ಪ ಹೊತ್ತು ನಿಂತಿತು. ನನಗೆ ಆ ಕವೆ ಕಂಡಿಲ್ಲ ಎಂದು ಬರೆದುಕೊಂಡಳು.