ಹದಿನಾಲ್ಕು ಹಂತದ ಇಟ್ಟಿಗೆ

ಸಂಜೆ ನಾಲ್ಕೂ ಹತ್ತು, ಗೋಡೆಗಳಿಲ್ಲ. ಪರದೆಯ ಮೇಲೆ ದೀಪಗಳಷ್ಟೇ ಇವೆ, ಮೂವತ್ತೊಂದು ದೀಪ, ಗೋಡೆ ಇನ್ನೂ ಇದೆಯೆಂಬಂತೆ ಗಾಳಿಗೆ ಅಂಟಿಕೊಂಡು — ಅಣ್ಣನ ಮನೆ, ಎರಡು ವರ್ಷ ಹಾಸಿಗೆಯಲ್ಲಿ ಮಲಗಿ ಈ ಆಟದೊಳಗೆ ಅವನು ಕಟ್ಟಿದ ಮನೆ, ಅವನು ಹೋಗಿ ಏಳು ವಾರ, ಮನೆ ಹೋಗಿ ಕಾಲು ಗಂಟೆ, ಕಳೆದದ್ದು ತಂಗಿ, ಅವಳೇ, ಬೇರೆ ಯಾರೂ ಅಲ್ಲ. ಆಟದೊಳಗೆ ಆ ಮನೆಯವರೆಗೆ ಸುಮ್ಮನೆ ನಡೆದು ಹೋಗಬಹುದಿತ್ತು. ಅವನ ಆಟದಲ್ಲಿ ಸುಮ್ಮನೆ ನಡೆಯುವುದು ಎಲ್ಲಿತ್ತು, ಬಾಯಾರಿಕೆ, ಚಳಿ, ಸವೆಯುವ ಬೂಟು, ಆಟದ ನಿಯಮ ಬದಲಿಸಲು ಯಾರ್ಯಾರೋ ಬರೆದಿಟ್ಟ ಮಾಡ್‌ಗಳನ್ನು ಹುಡುಕಿ ತಂದು ಆಟಕ್ಕೆ ಸೇರಿಸುತ್ತಿದ್ದ, ಒಟ್ಟು ಅರವತ್ತೆರಡು, ಮೂಲ ಆಟದಲ್ಲಿ ಮಣ್ಣು ಸುಟ್ಟರೆ ಇಟ್ಟಿಗೆ, ಇವನದ್ದರಲ್ಲಿ ಜರಡಿ ಹಿಡಿಯಬೇಕು, ನೆನೆಸಬೇಕು, ತುಳಿಯಬೇಕು, ಅಚ್ಚಿಗೆ ಮರ, ಮರಕ್ಕೆ ಗರಗಸ, ಗರಗಸಕ್ಕೆ ಕಬ್ಬಿಣ, ಒಂದು ಇಟ್ಟಿಗೆಗೆ ಹದಿನಾಲ್ಕು ಹಂತ — ಇದು ಆಟಾನಾ ಅಣ್ಣಾ, ಡ್ಯೂಟಿನಾ, ಇಡೀ ದಿನ ಔಷಧಿ ಅಂಗಡೀಲಿ ನಿಂತು ಬಂದು ಇಲ್ಲೂ ಮಣ್ಣು ಜರಡಿ ಹಿಡೀಲಾ, ಅಂದಿದ್ದಳು, ಅವನು ನಕ್ಕ, ಸೋಮಾರಿ ಮಹಾರಾಣಿ, ಸುಲಭವಾಗಿ ಸಿಕ್ಕಿದ್ದು ಯಾರಿಗೆ ನೆನಪಿರುತ್ತೆ ಹೇಳು. ಇಪ್ಪತ್ತು ವರ್ಷ ಲೇತ್ ಮುಂದೆ ನಿಂತವನು, ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ತುಂಡನ್ನು ಮತ್ತೆ ಯಂತ್ರಕ್ಕೆ ಕಟ್ಟುತ್ತಿದ್ದವನು, ಬೆನ್ನುಮೂಳೆ ಮುರಿದ ಮೇಲೆ ಅವನಿಗೆ ಅಷ್ಟು ಕೆಲಸ ಬೇಕಿತ್ತು, ಅವಳಿಗೆ ಅದೆಲ್ಲ ಬೇಸರ, ಬೇಸರ ಈಗಲೂ ಹೌದು, ಈಗ ಸುಳ್ಳು ಹೇಳಿ ಏನು. ದೀಪಗಳು ಅಲುಗುವುದಿಲ್ಲ.

ಐದಕ್ಕೆ ಅತ್ತಿಗೆ ಬರುತ್ತಾರೆ. ಫೋನಿನಲ್ಲಿ ಅಂದಿದ್ದರು, ನಿಮ್ಮಣ್ಣ ಕಟ್ಟಿದ್ದು ಒಂದ್ಸಲ ನೋಡ್ಬೇಕು ಕಣೇ, ಇದ್ದಾಗ ನೋಡ್ಲಿಲ್ಲ, ಆ ಪೆಟ್ಟಿಗೆ ಮುಚ್ಚಿ ಊಟ ಮಾಡಿ ಅಂತ ಬೈದದ್ದೇ ಬಂತು, ನಿನ್ನ ಕಂಪ್ಯೂಟರಲ್ಲೇ ಇದೆಯಂತಲ್ಲ ಎಲ್ಲಾ — ಇತ್ತು, ಇದೊಂದರಲ್ಲೇ ಇತ್ತು, ಅಣ್ಣ ತನ್ನ ಮನೆಯ ಹಾಸಿಗೆಯಲ್ಲೇ ಲ್ಯಾಪ್‌ಟಾಪ್ ತೆರೆದು, ಇಂಟರ್ನೆಟ್ಟಿನಲ್ಲಿ ಇದಕ್ಕೇ ಸೇರಿಕೊಂಡು ಆಡುತ್ತಿದ್ದ. ಮಧ್ಯಾಹ್ನ ಆ ಮನೆಯ ಕಡೆ ಮೂರು ಸಲ ಹೊರಟಳು, ಮೂರು ಸಲವೂ ಆಟದ ಬಾಯಾರಿಕೆಗೆ ಸತ್ತು ಮೊದಲಿನ ಜಾಗಕ್ಕೇ ಬಂದು ಬಿದ್ದಳು, ಗಡಿಯಾರ ನೋಡಿದಳು, ಅರವತ್ತೆರಡನ್ನೂ ತೆಗೆದರೆ ಹತ್ತು ನಿಮಿಷದ ದಾರಿ, ತೆಗೆದಳು. ಆಟ ಕೇಳಿತ್ತು, ಕೇಳಲಿಲ್ಲ ಅನ್ನುವ ಹಾಗಿಲ್ಲ, ಈ ಮಾಡ್‌ಗಳ ವಸ್ತುಗಳೆಲ್ಲ ಅಳಿಸಿಹೋಗುತ್ತವೆ, ನಕಲು ಇಟ್ಟುಕೊಳ್ಳಬೇಕೆ, ಮುಂದುವರಿಯಬೇಕೆ — ದಿನವಿಡೀ ಗಿರಾಕಿಗಳಿಗೆ ಸಣ್ಣಕ್ಷರ ಓದಿ ಹೇಳುವವಳು, ಊಟ ಆದ್ಮೇಲೆ ತಗೊಳ್ಳಿ, ಖಾಲಿ ಹೊಟ್ಟೇಲಿ ಬೇಡ, ಇದನ್ನು ಓದದೆ ಮುಂದುವರಿ ಅನ್ನುವುದನ್ನು ಒತ್ತಿದಳು. ಇಟ್ಟಿಗೆ ಮಾಡ್‌ನದು, ಹೆಂಚು, ಗಾಜು, ಬಾಗಿಲು ಎಲ್ಲಾ ಮಾಡ್‌ನದು, ದೀಪ ಒಂದೇ ಮೂಲ ಆಟದ್ದು, ಕಡ್ಡಿಗೆ ಇದ್ದಿಲು ಹಚ್ಚಿದರೆ ಆಯಿತು, ಯಾಕಣ್ಣಾ ಇದೊಂದು ಸುಲಭದ್ದು ಅಂತ ಅವಳು ಕೇಳಿದ್ದಕ್ಕೆ, ನೀನು ಬರ್ತೀನಿ ಅಂದ್ಯಲ್ಲ, ದಾರಿ ಕಾಣ್ಲಿ ಅಂತ ಬೇಗ ಬೇಗ ಹಾಕಿದೆ, ಅಂದಿದ್ದ. ಬರ್ತೀನಿ ಬರ್ತೀನಿ ಅಂದಳು, ಒಮ್ಮೆಯೂ ಹೋಗಲಿಲ್ಲ, ಇವತ್ತೇ ಮೊದಲು. ದೀಪಗಳು, ಒಂದೇ ಎತ್ತರ, ಒಂದೇ ಅಂತರ, ಅಳತೆ ತಪ್ಪದೆ.

ಅತ್ತಿಗೆ ಬಂದು ಕುರ್ಚಿ ಎಳೆದುಕೊಂಡರು. ಇದೇನಾ, ದೀಪ ಚೆನ್ನಾಗಿದೆ, ಮನೆ ಯಾವ ಕಡೆ ಬರುತ್ತೆ, ಅಂದರು.

ಅವಳು ಅರವತ್ತೆರಡು ಮಾಡ್‌ಗಳನ್ನೂ ಮತ್ತೆ ಸೇರಿಸಿ ಆಟ ತೆರೆದಳು. ಬಾಯಾರಿಕೆ ಬಂತು, ಚಳಿ ಬಂತು. ಗೋಡೆ ಬರಲಿಲ್ಲ.