ಕೈಗೊಪ್ಪಿಸುವ ಹೊತ್ತು

"ಮೊದಲು ಹೋಗಿ ಆ ಕೈ ತೊಳ್ಕೊಂಡು ಬಾ. ಆಮೇಲೆ ಮಕ್ಕಳನ್ನ ಯಾರ ಕೈಗೆ ಕೊಡಬೇಕು ಅಂತ ನಮಗೆ ಹೇಳಿಕೊಡುವೆಯಂತೆ."

ಪ್ರಿನ್ಸಿಪಾಲರು ಇದನ್ನು ಮೈಕಿನಲ್ಲೇ ಹೇಳಿದರು. ಚರ್ಚಿನ ಸಭಾಭವನದ ಮೂಲೆಮೂಲೆಯ ಸ್ಪೀಕರುಗಳೂ ಅದನ್ನೇ ಹೇಳಿದವು. ಮುಂದಿನ ಸಾಲಿನ ಗಂಡಸರು ಮೊದಲು ನಕ್ಕರು, ಅವರು ನಕ್ಕರಲ್ಲ ಎಂದು ಹಿಂದಿನವರೂ ನಕ್ಕರು. ವೇದಿಕೆಯ ಮೇಲಿದ್ದ ಫಾದರ್ ಮಾತ್ರ ನಗಲಿಲ್ಲ. ಕನ್ನಡಕ ತೆಗೆದು ನಿಲುವಂಗಿಯ ಅಂಚಿನಿಂದ ಒರೆಸತೊಡಗಿದರು, ಅಷ್ಟೊತ್ತಿಗೆ ಅದೇ ಬಹಳ ತುರ್ತಿನ ಕೆಲಸವೇನೋ ಎಂಬಂತೆ.

ಎದ್ದು ನಿಂತಿದ್ದವನು ತನ್ನ ಕೈ ನೋಡಿಕೊಂಡ. ಟಯರ್ ಅಂಗಡಿಯಿಂದ ನೇರ ಬಂದಿದ್ದ. ಸೋಪು ಹಾಕಿ ಉಜ್ಜಿಯೇ ಬಂದಿದ್ದ, ಆದರೆ ಉಗುರಿನ ಸಂದಿಯ ಕಪ್ಪು ಸೋಪಿಗೆ ಬಗ್ಗುವಂಥದ್ದಲ್ಲ. ಕೈಯನ್ನು ಜೇಬಿಗೆ ತುರುಕಿದ. ತುರುಕಿದ್ದಕ್ಕೆ ಇನ್ನೊಮ್ಮೆ ನಗು ಬಂತು. ಅವನು ಕೂತ.

ಕೇಳಿದ್ದು ದೊಡ್ಡ ಪ್ರಶ್ನೆಯೇನಲ್ಲ. ಮೂರು ಚರ್ಚುಗಳ ಮೂರು ಕಿರಿಯ ಶಾಲೆಗಳನ್ನು ಮುಚ್ಚಿ, ಮಕ್ಕಳನ್ನೆಲ್ಲ ಪ್ರೌಢಶಾಲೆಯ ಕಟ್ಟಡಕ್ಕೆ ತಂದು, ಒಂದನೇ ತರಗತಿಯಿಂದ ಮೀಸೆ ಬರುವ ತರಗತಿಯವರೆಗೆ ಒಂದೇ ಸಂಯುಕ್ತ ಕಾಲೇಜು ಮಾಡುವುದೆಂದು ಧರ್ಮಾಧ್ಯಕ್ಷರ ಕಚೇರಿಯಿಂದ ಆದೇಶವಾಗಿತ್ತು. 'ಒಂದೇ ಸೂರು, ಒಂದೇ ಕುಟುಂಬ' ಎಂದು ಬ್ಯಾನರು. ಕಲಿಸಲು ಸಿಸ್ಟರುಗಳು ಸಿಗುತ್ತಿಲ್ಲ, ಚಾವಣಿಗಳು ಸೋರುತ್ತಿವೆ, ಕೆಲವು ತರಗತಿಯಲ್ಲಿ ಮಕ್ಕಳಿಗಿಂತ ಬೆಂಚುಗಳೇ ಹೆಚ್ಚು ಎಂದು ಫಾದರ್ ವಿವರಿಸಿದ್ದರು. ಅದೂ ಸುಳ್ಳಲ್ಲ. ಎಲ್ಲ ಕೇಳಿಸಿಕೊಂಡ ಮೇಲೆ ಅವನು ಎದ್ದು, ಸಂಜೆ ಚಿಕ್ಕ ಮಕ್ಕಳನ್ನು ಯಾರು ಕೈಗೊಪ್ಪಿಸುತ್ತಾರೆ ಎಂದು ಕೇಳಿದ್ದ. ಬೆಲ್ ಹೊಡೆಯುತ್ತೆ, ಗೇಟು ತೆರೆಯುತ್ತೆ, ಮಕ್ಕಳು ಹೊರಗೆ ಬರುತ್ತಾರೆ, ಇದರಲ್ಲಿ ಒಪ್ಪಿಸೋದೇನು ಎಂದರು ಪ್ರಿನ್ಸಿಪಾಲರು. ಅವನು ಬಿಡದೆ ಅದನ್ನೇ ಮತ್ತೆ ಕೇಳಿದ್ದಕ್ಕೆ ಈ ಮಂಗಳಾರತಿ.

ಅವನ ತಂಗಿ ಓದುತ್ತಿದ್ದ ಶಾಲೆಯಲ್ಲಿ, ಅವನೂ ಓದಿದ್ದ ಆ ಐದು ಕೋಣೆಯ ಶಾಲೆಯಲ್ಲಿ, ಸಂಜೆಯ ಕ್ರಮವೇ ಬೇರೆ. ಬಾಗಿಲು ಸಿಸ್ಟರ್ ಎಂದು ಎಲ್ಲರೂ ಕರೆಯುತ್ತಿದ್ದ ಮುದುಕಿ ಸನ್ಯಾಸಿನಿ ಹೊಸ್ತಿಲಲ್ಲಿ ನಿಲ್ಲುತ್ತಿದ್ದಳು. ಬಂದವರ ಮುಖವನ್ನು ಒಮ್ಮೆ ನೋಡಿ, ಮಗುವಿನ ಮುಖವನ್ನು ಒಮ್ಮೆ ನೋಡಿ, ಆಮೇಲೆ ಮಗುವಿನ ಕೈ ಹಿಡಿದು ಬಂದವರ ಕೈಯೊಳಗೆ ಇಡುತ್ತಿದ್ದಳು. ಇಡುವ ತನಕ ಮಗು ಪಕ್ಕದ ನೀಲಿ ಬೆಂಚಿನಿಂದ ಏಳುವ ಹಾಗಿಲ್ಲ, ಕೂಗುವ ಹಾಗಿಲ್ಲ. ಹೆತ್ತ ತಾಯಿಯೇ ಎದುರಿಗೆ ನಿಂತರೂ ಇಲ್ಲ. ಒಂದನೇ ತರಗತಿಯ ಮಕ್ಕಳು ಅಕ್ಷರಕ್ಕಿಂತ ಮೊದಲು ಕಲಿಯುತ್ತಿದ್ದ ಪಾಠ ಅದು. ಈಗ ಸಿಸ್ಟರನ್ನು ದೂರದ ಊರಿನ ವೃದ್ಧರ ಮಠಕ್ಕೆ ಕಳಿಸಿದ್ದರು.

ಸಭೆ ಮುಗಿದು ಹೊರಗೆ ಬಂದಾಗ ತಲೆಯಲ್ಲಿ ಬೆಂಕಿ. ಕೋಪದ ಕೆಳಗೆ ಇನ್ನೊಂದು ಇತ್ತು, ಅದು ಭಯ, ಅದನ್ನು ಅವನು ಯಾರಿಗೂ ಹೇಳುವಂತಿರಲಿಲ್ಲ. ಪ್ರೌಢಶಾಲೆಯ ಆ ಕಟ್ಟಡ ಅವನಿಗೆ ಗೊತ್ತು. ಎಂಟನೇ ತರಗತಿಯ ನಡುವೆ, ಅಪ್ಪ ಹಾಸಿಗೆ ಹಿಡಿದ ವರ್ಷ, ಅಲ್ಲಿಂದಲೇ ಬಿಟ್ಟು ಬಂದವನು. ಬೆಲ್ಲು ಹೊಡೆದೊಡನೆ ಮೂರನೇ ಮಹಡಿಯಿಂದ ಮೆಟ್ಟಿಲ ಮೇಲೆ ಹುಡುಗರು ಸುರಿಯುವ ರೀತಿ, ಗೋಡೆಗೆ ಒತ್ತಿಕೊಂಡು ನಿಲ್ಲದಿದ್ದರೆ ಕಾಲಡಿಗೆ ಸಿಗುವ ರೀತಿ, ಕತ್ತಲೆ ಶೌಚಾಲಯದ ಚಿಲಕ ಹೊರಗಿನಿಂದಲೂ ಬೀಳುವ ರೀತಿ, ಎಲ್ಲ ಗೊತ್ತು. ಅವನ ತಂಗಿಗೆ ಆರು ವರ್ಷ. ಮನೆಯಲ್ಲಿ ಮೆಣಸು ಎನ್ನುತ್ತಿದ್ದರು, ಅಷ್ಟೇ ಗಾತ್ರ, ಅಷ್ಟೇ ಖಾರ. ಆದರೆ ಆ ಖಾರ ಹೊಸ್ತಿಲೊಳಗೆ ಮಾತ್ರ. ಹೊರಗಿನವರೆದುರು ಅವಳ ಬಾಯಿಗೆ ಬೀಗ.

ಅವಳನ್ನು ಅಲ್ಲಿಗೆ ಕಳಿಸುವುದೇ ಬೇಡ ಎಂದು ಮನೆಗೆ ಬಂದು ಕೂಗಾಡಿದ. ಅಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದಳು. ಅವಳ ಕೈಯಲ್ಲಿ ಸದಾ ಬ್ಲೀಚಿಂಗ್ ವಾಸನೆ. ಅವನು ಪೂರ್ತಿ ಸುಸ್ತಾದ ಮೇಲೆ ಬಾಯಿ ತೆರೆದಳು.

"ನೆಗಡಿ ಬಂತು ಅಂತ ಮೂಗು ಕೊಯ್ಕೋತಾರೇನೋ? ನಿನ್ನ ಶಾಲೆ ಬಿಡಿಸಿದ್ದು ನಿಮ್ಮಪ್ಪನ ಕಾಯಿಲೆ. ಅವಳ ಶಾಲೆ ಬಿಡಿಸೋದು ನಿನ್ನ ಕೋಪ ಆಗೋದು ಬೇಡ."

ಉತ್ತರವಿಲ್ಲದವರು ಆಣೆ ಇಡುತ್ತಾರೆ. ಕಳಿಸು, ಆದರೆ ಆ ಮನುಷ್ಯ ಇರುವ ಗೇಟಿನೊಳಗೆ ನಾನು ಕಾಲಿಟ್ಟರೆ ಕೇಳು ಎಂದ.

ಹೊಸ ಕಾಲೇಜು ಶುರುವಾದ ದಿನ ಬೆಳಿಗ್ಗೆ ಅಮ್ಮ ಬಿಟ್ಟು ಬಂದಳು. ಸಂಜೆ ಅವನು ಅಂಗಡಿಯ ಯಜಮಾನನಿಗೆ ಹೇಳಿ ಬೇಗ ಹೊರಟು, ಗೇಟಿನ ಎದುರು, ರಸ್ತೆಯ ಆಚೆ ಬದಿ, ಲೈಟಿನ ಕಂಬಕ್ಕೊರಗಿ ನಿಂತ. ಅಲ್ಲಿಂದ ಗೇಟು ಚೆನ್ನಾಗಿ ಕಾಣುತ್ತಿತ್ತು. ಬೆಲ್ ಹೊಡೆಯಿತು. ದೊಡ್ಡ ಹುಡುಗರು ಮೊದಲು ಬಂದರು, ಕೂಗುತ್ತ, ಬ್ಯಾಗುಗಳಿಂದ ಒಬ್ಬರಿಗೊಬ್ಬರು ಹೊಡೆಯುತ್ತ. ಅವರ ಸೊಂಟದ ಎತ್ತರದಲ್ಲಿ ಚಿಕ್ಕ ತಲೆಗಳು ಅಲ್ಲೊಂದು ಇಲ್ಲೊಂದು ತೇಲಿಬಂದವು. ಹಳೆಯ ಶಾಲೆಯ ತಾಯಂದಿರು ಪ್ರವಾಹಕ್ಕೆದುರಾಗಿ ಒಳಗೆ ನುಗ್ಗಿ, ಹುಡುಕಿ, ತಮ್ಮತಮ್ಮದನ್ನು ಎಳೆದುಕೊಂಡು ಬಂದರು. ಅದರಲ್ಲೊಬ್ಬಳು ಇವನನ್ನು ಕಂಡು, ಯಾಕಪ್ಪ ಅಲ್ಲೇ ನಿಂತೆ, ಬಾ ಎಂದು ಕೈ ಬೀಸಿದಳು. ಅವನು ಕಾಣದವನಂತೆ ಮುಖ ತಿರುಗಿಸಿದ.

ಗುಂಪು ತೆಳುವಾಯಿತು. ಕೊನೆಗೆ ಚೆಂಡು ಒದೆಯುತ್ತ ಇಬ್ಬರು ಬಂದರು. ಆಮೇಲೆ ಯಾರೂ ಬರಲಿಲ್ಲ. ವಾಚ್‌ಮನ್ ಗೇಟನ್ನು ತಳ್ಳಿ ಸರಪಳಿ ಹಾಕಿದ.

ಆ ಸರಪಳಿಯ ಸದ್ದಿಗೆ ಅವನು ಕಂಬ ಬಿಟ್ಟು ಹೊರಟ. ರಸ್ತೆ ದಾಟಿ, ಒಳಗೆ ನನ್ನ ತಂಗಿ ಇದ್ದಾಳೆ ಎಂದ.

"ಒಳಗೆ ನೊಣವೂ ಇಲ್ಲ," ಎಂದ ವಾಚ್‌ಮನ್. "ನಾನೇ ಎಲ್ಲಾ ಕೋಣೆ ನೋಡಿ ಬಂದೆ. ಪುಟ್ಟ ಮಕ್ಕಳ ಕಡೆಯವರೆಲ್ಲ ಒಳಗೇ ಬಂದು ಕರ್ಕೊಂಡು ಹೋದರಲ್ಲ. ನೀನ್ಯಾಕಪ್ಪ ರಸ್ತೆಯಾಚೆ ನಿಂತಿದ್ದೆ?"

ಅವನು ಸರಪಳಿಯನ್ನು ಕಿತ್ತೇಬಿಡುವವನಂತೆ ಎಳೆದ. ವಾಚ್‌ಮನ್ ಬೈಯುತ್ತಲೇ ತೆಗೆದ. ಆಣೆ ಯಾವ ಕಲ್ಲಿನ ಮೇಲೆ ಮುರಿದು ಬಿತ್ತೋ, ಅವನು ಆಗಲೇ ಓಡುತ್ತಿದ್ದ.

ಕೆಳಗಿನ ಕೋಣೆಗಳಲ್ಲಿ ಹೊಸ ಬಣ್ಣದ ವಾಸನೆ. ಮೂರು ಶಾಲೆಯ ಬೆಂಚುಗಳು ಮೂರು ಎತ್ತರದಲ್ಲಿ. ಪಡಸಾಲೆಯ ಕೊನೆಯಲ್ಲಿ, ಇನ್ನೂ ಜಾಗ ಗೊತ್ತುಮಾಡದ ಮೂರು ಶಾಲೆಗಳ ಮೂವರು ಸಂತರು ಬಿಳಿ ಬಟ್ಟೆ ಸುತ್ತಿಸಿಕೊಂಡು ಗೋಡೆಗೆ ಮುಖ ಮಾಡಿ ನಿಂತಿದ್ದರು. ಅದರಲ್ಲೊಂದು ಅವಳಷ್ಟೇ ಎತ್ತರ. ಅವನು ಓಡಿಹೋಗಿ ಅದರ ಹೆಗಲು ಹಿಡಿದು ತಿರುಗಿಸಿದ, ಕೈಗೆ ತಣ್ಣನೆಯ ಸುಣ್ಣಗಲ್ಲು ಸಿಕ್ಕಿತು. ಶೌಚಾಲಯದ ಒಂದೊಂದೇ ಬಾಗಿಲು ದೂಡಿದ. ಮೆಟ್ಟಿಲ ಕೆಳಗೆ ಬಗ್ಗಿ ನೋಡಿದ. "ಮೆಣಸೂ," ಎಂದು ಕೂಗಿದ. ಖಾಲಿ ಕಟ್ಟಡ ಅವನ ದನಿಯನ್ನು ಮೂರನೇ ಮಹಡಿಗೆ ಒಯ್ದು, ಅಲ್ಲಿಂದ ಬೇರೆ ಯಾರದೋ ದನಿ ಮಾಡಿ ಕೆಳಗೆ ಎಸೆಯಿತು.

ಹಿತ್ತಲಲ್ಲಿ ಹೊಸ ಭಾಗದ ಕೆಲಸ ಇನ್ನೂ ಮುಗಿದಿರಲಿಲ್ಲ. ಜಲ್ಲಿ ರಾಶಿ, ಕಬ್ಬಿಣದ ಸರಳು. ಅದರಾಚೆ ನೀರಿನ ಸಂಪು. ಅದರ ಬಾಯಿಗೆ ಅಡ್ಡ ಇಟ್ಟಿದ್ದ ಹಲಗೆ ಒಂದು ಪಕ್ಕಕ್ಕೆ ಸರಿದಿತ್ತು.

ಅವನ ಕಾಲು ನಿಂತುಹೋಯಿತು. ಹತ್ತಿರ ಹೋಗದೆ ಇದ್ದರೆ ಅದರೊಳಗೆ ಏನೂ ಇರುವುದಿಲ್ಲ ಎನ್ನಿಸಿತು. ಆಮೇಲೆ ಕೆಸರಲ್ಲಿ ಬೋರಲು ಮಲಗಿ, ಮೊಬೈಲಿನ ಬೆಳಕನ್ನು ಒಳಗೆ ಬಿಟ್ಟ. ಕಪ್ಪು ನೀರು. ನೀರಿನ ಮೇಲೆ ಬೆಳ್ಳಗೆ, ಉಬ್ಬಿಕೊಂಡು, ಬಟ್ಟೆಯಂಥದ್ದು ಏನೋ ನಿಧಾನ ತಿರುಗುತ್ತಿತ್ತು. ಅವನು ಭುಜದವರೆಗೂ ಕೈ ಇಳಿಸಿ ಅದನ್ನು ಹಿಡಿದೆಳೆದ. ಖಾಲಿ ಸಿಮೆಂಟ್ ಚೀಲ. ಚೀಲವನ್ನು ಹಿಡಿದುಕೊಂಡೇ ಕೂತುಬಿಟ್ಟ. ಚೀಲದ ಕೆಳಗೆ ಎಷ್ಟು ಆಳ ನೀರಿದೆಯೋ ಗೊತ್ತಿರಲಿಲ್ಲ.

ಅಷ್ಟರಲ್ಲಿ ವಾಚ್‌ಮನ್ ಪ್ರಿನ್ಸಿಪಾಲರನ್ನು ಕರೆತಂದ. ಅವರ ಹಿಂದೆ ಇನ್ನೂ ಮನೆಗೆ ಹೋಗದ ಇಬ್ಬರು ಮೇಡಮ್ಮುಗಳು. ಪ್ರಿನ್ಸಿಪಾಲರು ಸಂಪನ್ನೂ ಚೀಲವನ್ನೂ ಇವನನ್ನೂ ನೋಡಿದರು. ಬಿದಿರು ಕೋಲು ತರಲು ಹೇಳಿದರು, ತಂದದ್ದನ್ನು ತಾವೇ ಕಸಿದುಕೊಂಡು ನೀರಿಗೆ ಬಿಟ್ಟು ಮೂಲೆಮೂಲೆ ತಡವಿದರು. ಕೋಲು ತಳ ಮುಟ್ಟಿದಾಗಲೆಲ್ಲ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಇಲ್ಲ, ಏನೂ ಇಲ್ಲ, ಏನೂ ಇಲ್ಲ ಎಂದು ತಮಗೇ ಹೇಳಿಕೊಳ್ಳುವಂತೆ ಹೇಳಿದರು.

ಉಳಿದದ್ದು ಕಾಂಪೌಂಡಿನ ಮೂಲೆಯ ತಗಡಿನ ಶೆಡ್ಡು. ಮುಚ್ಚಿದ ಶಾಲೆಗಳ ಬೇಡದ ಸಾಮಾನು ತುಂಬಿದ್ದು, ಬೀಗ ಹಾಕಿದೆ ಎಂದ ವಾಚ್‌ಮನ್. ಮಧ್ಯಾಹ್ನದಿಂದ ತೆರೆದೇ ಇತ್ತು, ಪ್ಯೂನ್ ಹೋಗುವಾಗ ಹಾಕಿಕೊಂಡು ಹೋದ, ಅಲ್ಲಿಗೆ ಯಾವ ಮಗು ಹೋಗುತ್ತೆ ಸಾರ್ ಎಂದೂ ಸೇರಿಸಿದ. ಇವನು ಮಾತ್ರ ತಗಡಿನ ಸಂದಿಗೆ ಕಣ್ಣು ಹಚ್ಚಿದ. ಕತ್ತಲು, ತಲೆಕೆಳಗಾದ ಮೇಜುಗಳು, ಅವುಗಳ ಕಾಲುಗಳ ನಡುವೆ ಗೋಡೆಗೊತ್ತಿ ಹಾಕಿದ್ದ ಒಂದು ನೀಲಿ ಬೆಂಚಿನ ತುದಿ. ಬಾಗಿಲು ಸಿಸ್ಟರಿನ ಪಕ್ಕ ಇರುತ್ತಿದ್ದ ಬೆಂಚು. ಅದರ ಮೇಲೆ ಕೂತೇ ಅವನೂ ಸಂಜೆಗಳಲ್ಲಿ ಅಪ್ಪನಿಗೆ ಕಾಯುತ್ತಿದ್ದ.

ತೆಗೀರಿ ಎಂದ. ಪ್ರಿನ್ಸಿಪಾಲರು ಗೊಂಚಲಿನ ಬೀಗದ ಕೈಗಳನ್ನು ಒಂದಾದ ಮೇಲೊಂದು ಹಾಕಿ ನೋಡಿದರು. ಬಾಗಿಲು ಕಿರ್ರೆಂದಿತು.

ಅವಳು ಬೆಂಚಿನ ಮೇಲೆ ನೆಟ್ಟಗೆ ಕೂತಿದ್ದಳು. ಬ್ಯಾಗು ತೊಡೆಯ ಮೇಲೆ, ಅದರ ಮೇಲೆ ಎರಡೂ ಕೈ. ಕೆನ್ನೆಯ ಮೇಲೆ ಒಣಗಿದ ಗೆರೆಗಳು.

"ಮೆಣಸು, ಬಾ."

ಅವಳು ಏಳಲಿಲ್ಲ. ಅವನು ಎರಡು ಹೆಜ್ಜೆ ಮುಂದೆ ಬಂದು ಕೈ ಚಾಚಿದ. ಅವಳು ಆ ಕೈಯನ್ನೂ ಅವನ ಮುಖವನ್ನೂ ನೋಡಿ, ಇನ್ನಷ್ಟು ಹಿಂದಕ್ಕೆ ಒತ್ತಿಕೊಂಡಳು. ಬರಬೇಕೆಂದು ಮೈಯೆಲ್ಲ ಮುಂದಕ್ಕೆ ಬಾಗುತ್ತಿತ್ತು, ಆದರೂ ಬರಲಿಲ್ಲ.

"ಕೊಟ್ಟಿಲ್ಲ," ಎಂದಳು, ಇರುವೆಗೆ ಕೇಳುವಷ್ಟು ಮೆಲ್ಲಗೆ. "ಯಾರೂ ಕೊಟ್ಟಿಲ್ಲ ಅಣ್ಣ."

ಏನು ಕೊಟ್ಟಿಲ್ಲವಂತೆ, ತಿಂಡಿಯಾ ಎಂದು ಒಬ್ಬ ಮೇಡಮ್ಮು ಪಿಸುಗುಟ್ಟಿದರು. ಅವಳು ಅಣ್ಣನ ಹೆಗಲಾಚೆ ಪ್ರಿನ್ಸಿಪಾಲರನ್ನೇ ನೋಡುತ್ತಿದ್ದಳು. ಸಭೆಯಲ್ಲಿ ಇವನು ಕೇಳಿದ್ದ ಪ್ರಶ್ನೆ ಅವರಿಗೆ ಈಗಷ್ಟೇ ಕೇಳಿಸಿದಂತಿತ್ತು. ಮೇಜುಗಳನ್ನು ಬದಿಗೆ ದೂಡಿ ಮುಂದೆ ಬಂದರು. ಮೊಣಕಾಲು ಲಟಕ್ಕೆನ್ನುವಂತೆ ಬಗ್ಗಿ, ಬ್ಯಾಗಿನ ಮೇಲಿದ್ದ ಅವಳ ಒಂದು ಕೈ ಎತ್ತಿಕೊಂಡರು. ಕೆಸರು, ಸಿಮೆಂಟು, ಟಯರಿನ ಕಪ್ಪು ಎಲ್ಲ ಮೆತ್ತಿದ್ದ ಇವನ ಕೈಯನ್ನು ತಮ್ಮ ಇನ್ನೊಂದು ಕೈಯಿಂದ ಹಿಡಿದು, ಅದರೊಳಗೆ ಅವಳ ಕೈ ಇಟ್ಟರು. ಅವಳು ಆಗ ಎದ್ದಳು. ಎದ್ದವಳೇ ಅಣ್ಣನ ಕಾಲಿಗೆ ಸುತ್ತಿಕೊಂಡು, ತಡೆದಿಟ್ಟಿದ್ದ ಅಳುವನ್ನೆಲ್ಲ ಅತ್ತಳು. ಪ್ರಿನ್ಸಿಪಾಲರು ತಮ್ಮ ಬೆರಳುಗಳನ್ನು ಅಂಗಿಗೆ ತಾಗದಂತೆ ದೂರ ಹಿಡಿದು, ಅವನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತರು.

ಅವನು ಅವಳನ್ನು ಎತ್ತಿಕೊಂಡು ಹೊರಟ. ಅವರು ಗೇಟಿನವರೆಗೂ ಹಿಂದೆಯೇ ಬಂದರು. ಶೆಡ್ಡು ಇವತ್ತೇ ಖಾಲಿ ಮಾಡಿಸುತ್ತೇನೆ, ಸಂಪಿಗೆ ಕಬ್ಬಿಣದ ಮುಚ್ಚಳ ಹಾಕಿಸುತ್ತೇನೆ ಎಂದು ನಡೆಯುತ್ತಲೇ ಹೇಳಿದರು. ವಾಚ್‌ಮನ್ನು, ಮೇಡಮ್ಮುಗಳು ಕೇಳಿಸಿಕೊಳ್ಳುತ್ತಿದ್ದರು.

"ಬಾಗಿಲಲ್ಲಿ ನಾನೇ ನಿಲ್ತೀನಪ್ಪ," ಎಂದರು. ಮೈಕಿಲ್ಲದೆ ಅವರ ದನಿ ಸಣ್ಣಗಿತ್ತು. "ನಾಳೆ ಕಳಿಸ್ತೀಯಲ್ಲ?"

ಅವನು ತಿರುಗಲಿಲ್ಲ. ರಸ್ತೆ ದಾಟಿದ. ತಂಗಿ ಅವನ ಕುತ್ತಿಗೆಯ ಸಂದಿಯಲ್ಲಿ ಮುಖ ಹುದುಗಿಸಿ ಬಿಕ್ಕುತ್ತಿದ್ದಳು. ಅವಳ ಸ್ಕರ್ಟು ಒದ್ದೆಯಾಗಿತ್ತು. ಆ ಒದ್ದೆ ಅವನ ಅಂಗಿಯನ್ನು ದಾಟಿ ಪಕ್ಕೆಗೆ ಇಳಿಯಿತು, ಮೊದಲು ಬೆಚ್ಚಗೆ, ರಸ್ತೆಯ ತಿರುವಿನಲ್ಲಿ ಗಾಳಿ ಬೀಸಿದಾಗ ತಣ್ಣಗೆ. ಅವನು ಅವಳನ್ನು ಇನ್ನೊಂದು ಪಕ್ಕಕ್ಕೆ ಬದಲಾಯಿಸಲಿಲ್ಲ.