ಬಲಗಡೆ ಗುಲಾಬಿ ಕಲ್ಲು

ನಮ್ಮ ಮನೆ ಇರುವುದು ಕಣಿವೆಯ ಉತ್ತರಕ್ಕೆ, ಥರ್ಮಾಪೊಲಿಸ್‌ನಿಂದ ಹನ್ನೊಂದು ಮೈಲಿ ಆಚೆ. ರಸ್ತೆಬದಿಯ ಕಲ್ಲುಗಳ ವಯಸ್ಸು ಹೇಳುವ ನಮ್ಮ ಪುಸ್ತಕ ಮಾತ್ರ ಕಣಿವೆಯನ್ನು ದಕ್ಷಿಣದಿಂದ ಶುರುಮಾಡುತ್ತದೆ. ಹಾಗಾಗಿ ರಸ್ತೆಬದಿಯ ಕಲ್ಲು ನೋಡಲು ಹೊರಟಾಗಲೆಲ್ಲ ನಾವು ಮೊದಲು ಏನನ್ನೂ ನೋಡದೆ ಕಣಿವೆ ದಾಟಿ, ದಕ್ಷಿಣದ ಶೊಶೋನಿ ಊರಲ್ಲಿ ಊಟ ಮಾಡಿ, ಗಾಡಿ ತಿರುಗಿಸಿ, ಆಮೇಲೆ ನೋಡಲು ಆರಂಭಿಸುತ್ತೇವೆ. ಹೋಗುವಾಗ ನಾನು ಅಪ್ಪಿತಪ್ಪಿ ಕಿಟಕಿಯಾಚೆ ಕಣ್ಣು ಹಾಯಿಸಿದರೆ ನನ್ನ ಗಂಡ ವರ್ಲಿನ್, "ಆರ್ಡಿ, ಈಗ್ಲೇ ನೋಡ್ಬೇಡ, ಎಲ್ಲ ಹಿಂದುಮುಂದಾಗುತ್ತೆ" ಅನ್ನುತ್ತಾನೆ. ಎಳೆಯ ಕಲ್ಲನ್ನು ಮೊದಲು ನೋಡಿ ಮುದಿ ಕಲ್ಲನ್ನು ಆಮೇಲೆ ನೋಡುವುದು ಅವನ ಪ್ರಕಾರ ಕಾದಂಬರಿಯನ್ನು ಕೊನೆಯ ಪುಟದಿಂದ ಓದಿದ ಹಾಗೆ.

ಮೂವತ್ತೊಂದು ವರ್ಷ ರಸ್ತೆಗಳನ್ನು ಅಳೆದವನು ವರ್ಲಿನ್. ಪುಸ್ತಕದ ಅಂಚುಗಳ ತುಂಬ ಅವನ ಪೆನ್ಸಿಲ್ ತಿದ್ದುಪಡಿಗಳಿವೆ: ಮೈಲಿಗಲ್ಲಿನ ಸಂಖ್ಯೆ, ಎಡ ಅಥವಾ ಬಲ, ಏನು ತಪ್ಪು, ಪರಿಶೀಲಿಸಿದವರು ಯಾರು. ಎರಡು ಸಲ ಪ್ರಕಾಶಕರು ಧನ್ಯವಾದ ಹೇಳಿ ಕಾರ್ಡು ಬರೆದಿದ್ದರು. ಅವೆರಡೂ ನಮ್ಮ ಫ್ರಿಜ್ಜಿನ ಬಾಗಿಲ ಮೇಲಿವೆ, ಮೊಮ್ಮಕ್ಕಳ ಫೋಟೊಗಿಂತ ಸ್ವಲ್ಪ ಎತ್ತರದಲ್ಲಿ.

ಕೆಲಸ ಹಂಚಿಕೊಂಡಿದ್ದೇವೆ. ಅವನು ಗಾಡಿ ಓಡಿಸುತ್ತ ಕಲ್ಲು ನೋಡುತ್ತಾನೆ. ನಾನು ಪುಸ್ತಕವನ್ನು ಗಟ್ಟಿಯಾಗಿ ಓದುತ್ತ, ನಡುನಡುವೆ ರಸ್ತೆ ನೋಡುತ್ತೇನೆ. ಯಾರಾದರೂ ನೋಡಲೇಬೇಕಲ್ಲ. "ಲಾರಿ ಬರ್ತಿದೆ", "ಮುಂದೆ ತಿರುವು", "ಗೆರೆ ದಾಟ್ದೆ" ಎಂದು ಇಪ್ಪತ್ತೆರಡು ವರ್ಷಗಳಿಂದ ಹೇಳುತ್ತ ಬಂದಿದ್ದೇನೆ. ಮೊದಮೊದಲು ಅವನು, "ಬಾಯಿ ಮುಚ್ಕೊಂಡು ಕೂತ್ಕೊಳ್ತೀಯಾ?" ಎಂದು ರೇಗುತ್ತಿದ್ದ. ಈಚಿನ ಎರಡು ವರ್ಷಗಳಲ್ಲಿ ಒಂದು ಸಲವೂ ರೇಗಿಲ್ಲ. ವಯಸ್ಸು ಅವನನ್ನು ಮೃದುಮಾಡಿದೆ ಎಂದುಕೊಂಡಿದ್ದೆ. ಗೆಳತಿಯರ ಮುಂದೆ ಹೇಳಿಕೊಂಡೂ ಇದ್ದೆ.

ಈ ಸಲದ ಪ್ರವಾಸದಲ್ಲಿ ನನಗೆ ಇನ್ನೊಂದು ಕೆಲಸವಿತ್ತು. ಸೋಮವಾರ ವರ್ಲಿನ್‌ನ ಡ್ರೈವಿಂಗ್ ಲೈಸೆನ್ಸ್ ನವೀಕರಣ. ಗುರುವಾರ ಮಗಳು ಡಾರ್ಲಾ ಫೋನು ಮಾಡಿದ್ದಳು.

"ಅಮ್ಮಾ, ಹೋದ ತಿಂಗಳು ಅಪ್ಪ ರಸ್ತೆ ಪಕ್ಕದ ನಮ್ಮನೆ ಅಂಚೆ ಡಬ್ಬೀನ ಗಾಡೀಲಿ ಸವರ್ಕೊಂಡು ಹೋದ್ರಲ್ಲ, ಕೇಳಿದ್ರೆ ಡಬ್ಬಿನೇ ಸರಿದಿದೆ ಅಂತಾರೆ!"

"ಭೂಮಿ ಸರಿಯುತ್ತೆ ಅಂತ ನಿಮ್ಮಪ್ಪ ನಂಬ್ತಾನೆ ಕಣೇ."

"ತಮಾಷೆ ಬೇಡ. ಕಣಿವೇಲಿ ಹೇಗೆ ಓಡಿಸ್ತಾರೆ ನೋಡು, ನೋಡಿ ನಂಗೆ ನಿಜ ಹೇಳು. ಸರಿಯಿಲ್ಲ ಅಂದ್ರೆ ನಾನೇ ಬಂದು ಗಾಡಿ ಕೀಲಿ ತಗೋತೀನಿ. ನೀನು ಸುಳ್ಳು ಹೇಳಲ್ಲ, ಗೊತ್ತು. ಆದ್ರೆ ನಿಜಾನ ತುಂಬಾ ಹುಷಾರಾಗಿ ಹೇಳ್ತೀಯ."

ಕೀಲಿ ಹೋದರೆ ವರ್ಲಿನ್‌ಗೆ ಕಲ್ಲುಗಳೂ ಹೋದ ಹಾಗೆ. ನಾನು ಅಂಗಡಿ, ಚರ್ಚು ಬಿಟ್ಟು ಬೇರೆಲ್ಲಿಗೂ ಗಾಡಿ ಓಡಿಸುವುದಿಲ್ಲ. ಕಣಿವೆಯಲ್ಲಿ ಮೂರು ಸುರಂಗಗಳಿವೆ, ಸುರಂಗದೊಳಗೆ ನನಗೆ ಉಸಿರು ಹಿಡಿಯುತ್ತದೆ.

ಶನಿವಾರ ಬೆಳಗ್ಗೆ ಎಂದಿನಂತೆ ಏನನ್ನೂ ನೋಡದೆ ಶೊಶೋನಿಗೆ ಹೋದೆವು. ಬರ್ಗರ್ ತಿಂದು ಹಿಂತಿರುಗಿದೆವು. ಅಣೆಕಟ್ಟು ಕಳೆಯಿತು. "ದೀಪ ಹಾಕು" ಅಂದೆ, ಹಾಕಿದ. ಮೂರೂ ಸುರಂಗ ದಾಟಿದೆವು. ಮನಸ್ಸಿನಲ್ಲೇ ಅಂಕ ಕೊಟ್ಟೆ. ಆಚೆ ಬಂದರೆ ಕಾರುಗಳ ಸಾಲು. "ನಿಲ್ಸು" ಅಂದೆ, ನಿಲ್ಲಿಸಿದ. ಬೆಳಗ್ಗೆ ಇಲ್ಲಿ ಯಾರೂ ಇರಲಿಲ್ಲ. ಈಗ ರಸ್ತೆ ಕೆಲಸ ಶುರುವಾಗಿತ್ತು. ಕಿತ್ತಳೆ ಅಂಗಿಯ ಹುಡುಗಿಯೊಬ್ಬಳು ಕೋಲಿನ ತುದಿಯ ಹಲಗೆ ಹಿಡಿದು ನಮ್ಮ ಪಕ್ಕದಲ್ಲೇ ನಿಂತಿದ್ದಳು.

"ಹದಿನೈದು ನಿಮಿಷ ಆಗುತ್ತೆ, ಯಜಮಾನ್ರೇ. ಒಂದೇ ಸಾಲು ಬಿಡ್ತಿದ್ದಾರೆ."

"ನೂರು ಕೋಟಿ ವರ್ಷ ಆದ್ರೂ ಪರ್ವಾಗಿಲ್ಲ" ಎಂದ ವರ್ಲಿನ್. ಈ ಜೋಕು ಅವನು ಎಲ್ಲ ಕಡೆಯೂ ಹೇಳುತ್ತಾನೆ, ದಂತವೈದ್ಯರ ಬಳಿ ಕೂಡ.

ನಾನು ಓದಿದೆ: "ಬಲಗಡೆ ಗುಲಾಬಿ ಕಲ್ಲು, ನಡುವೆ ಕಪ್ಪು ಪಟ್ಟಿಗಳು. ವಯಸ್ಸು ಸುಮಾರು ಇನ್ನೂರ ತೊಂಬತ್ತು ಕೋಟಿ ವರ್ಷ."

"ನೋಡು ಆರ್ಡಿ, ಈ ಬಿಸಿಲಲ್ಲಿ ಆ ಗುಲಾಬಿ ಎಷ್ಟು ಎದ್ದು ಕಾಣ್ತಿದೆ!"

"ಆಹಾ, ತುಂಬಾ ಚೆನ್ನಾಗಿದೆ" ಅಂದೆ, ಪುಟ ತಿರುವುತ್ತ.

"ಯಾವ್ದು ಗುಲಾಬಿ?" ಎಂದಳು ಹುಡುಗಿ.

"ನಿನ್ನ ಬೆನ್ನ ಹಿಂದೇನೇ ಇದೆ ತಾಯಿ. ದಿನವಿಡೀ ಇಲ್ಲೇ ನಿಂತ್ಕೊಂಡು ಒಂದ್ಸಲಾನೂ ತಿರುಗಿ ನೋಡಿಲ್ವಾ?"

ಅವಳು ತಿರುಗಿ ನೋಡಿದಳು. "ಅದು ಸಿಮೆಂಟು. ಕಲ್ಲು ಉದುರ್ತಿತ್ತು ಅಂತ ಮೂರು ವಾರದ ಹಿಂದೆ ಬಲೆ ಹೊದಿಸಿ ಎರಚಿದ್ವಿ. ಗುಲಾಬಿ ಬಣ್ಣ ಮುಂದಿನ ವಾರ ಹೊಡೀತಾರೆ."

ತಲೆಯೆತ್ತಿದೆ. ರಸ್ತೆಯಿಂದ ನಲವತ್ತು ಅಡಿ ಮೇಲಿನವರೆಗೆ ಒಲೆಯ ಬೂದಿಯಂಥ ಗೋಡೆ. ಯಾರೋ ಹಸಿಯಲ್ಲೇ ಅಂಗೈ ಒತ್ತಿದ್ದರು.

"ನಾನು ಒಳಗಡೆ ಇರೋದನ್ನ ಹೇಳಿದ್ದು" ಎಂದ ವರ್ಲಿನ್.

"ಅಬ್ಬಾ, ಭಾರೀ ಕಣ್ಣು! ನಿಮ್ಮನೆಯವ್ರಿಗೂ ಒಳಗಡೇದೇ ಕಾಣ್ಸುತ್ತಾ?" ಎಂದು ನಕ್ಕು ಮುಂದಿನ ಕಾರಿನತ್ತ ಹೋದಳು.

ನಾನೂ ನೋಡದೆಯೇ ಹೊಗಳಿದ್ದೆ. ಪರೀಕ್ಷಕಿಯೇ ನಕಲು ಹೊಡೆದು ಸಿಕ್ಕಿಬಿದ್ದಿದ್ದಳು. ಆದರೂ ಕೇಳಿದೆ: "ವರ್ಲಿನ್, ಆ ಹುಡುಗಿ ಕೈಲಿರೋ ಹಲಗೇಲಿ ಏನು ಬರೆದಿದೆ?"

"ನಿಲ್ಲು ಅಂತ."

"ಕಾಣಿಸ್ತಾ?"

"ಎಲ್ರೂ ನಿಂತಿದ್ದಾರಲ್ಲ."

"ಯಾವಾಗಿಂದ ಹೀಗೆ?"

ಅವನು ಸ್ಟೇರಿಂಗನ್ನು ಸವರಿದ. "ನಡುವೆ ಮಾತ್ರ ಮಸುಕು. ಅಂಚಲ್ಲೆಲ್ಲ ಚೆನ್ನಾಗೇ ಕಾಣುತ್ತೆ."

"ರಸ್ತೆ ಇರೋದೇ ನಡುವೆ ಕಣೋ."

"ರಸ್ತೆಗೆ ನೀನಿದ್ದೀಯಲ್ಲ."

ಎರಡು ವರ್ಷ ಅವನು ಯಾಕೆ ರೇಗಲಿಲ್ಲ ಎಂಬುದು ಆಗ ತಿಳಿಯಿತು. ನನ್ನ ಆತಂಕವನ್ನು ಅವನು ಕನ್ನಡಕದ ಹಾಗೆ ಹಾಕಿಕೊಂಡು ಓಡಾಡುತ್ತಿದ್ದ. ಡಾರ್ಲಾಳಿಗೆ ಹೇಳಬಹುದಾದ ವಾಕ್ಯ ನನ್ನ ಬಳಿ ಸಿದ್ಧವಾಗಿಯೇ ಇತ್ತು: "ಇಡೀ ದಾರೀಲಿ ಒಂದು ತಪ್ಪೂ ಆಗ್ಲಿಲ್ಲ." ಅದರ ಪ್ರತಿ ಶಬ್ದವೂ ನಿಜ. ಅದನ್ನು ಎರಡು ಸಲ ಮನಸ್ಸಿನಲ್ಲೇ ಹೇಳಿ ನೋಡಿದೆ. ಆಮೇಲೆ ಕೋಲು ಹಿಡಿದು ರಸ್ತೆಯಲ್ಲಿ ನಡೆದು ಬರುತ್ತಿದ್ದ ಆ ಹುಡುಗಿಯನ್ನು ನೋಡಿದೆ. ಅವಳು ಸರಿಯಾಗಿ ನಡುವೆಯೇ ಬರುತ್ತಿದ್ದಳು.

"ಕೀಲಿ ಕೊಡು" ಅಂದೆ.

"ನೀನು ಮೂವತ್ತರ ಮೇಲೆ ಹೋಗಲ್ಲ. ಮನೆ ಸೇರೋ ಹೊತ್ತಿಗೆ ಕಣಿವೆ ಇನ್ನೊಂದು ಇಂಚು ಸವೆದಿರುತ್ತೆ."

"ಸವೀಲಿ."

ಅವನು ಕೀಲಿ ಕೊಡಲಿಲ್ಲ. ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ನನ್ನತ್ತ ಚಾಚಿದ. "ಬರ್ಕೋ. ಮೈಲಿ ನೂರ ಹದಿನೈದು, ಬಲಗಡೆ. ಗುಲಾಬಿ ಅನ್ನೋದನ್ನ ಹೊಡೆದುಹಾಕು. ಬೂದು ಸಿಮೆಂಟು. ವಯಸ್ಸು, ಮೂರು ವಾರ."

ಬರೆದೆ. "ಪರಿಶೀಲಿಸಿದವರು?"

ಮುಂದಿನ ಕಾರುಗಳು ಕದಲತೊಡಗಿದವು.

"ನಿನ್ನ ಹೆಸರು ಬರಿ" ಎಂದು, ಎಂಜಿನ್ ಆರಿಸಿ, ಕೀಲಿಯನ್ನು ತೆರೆದ ಪುಟದ ಮೇಲಿಟ್ಟ.

ಹಿಂದಿನವರು ಹಾರ್ನ್ ಹೊಡೆಯುತ್ತಿದ್ದಂತೆಯೇ ಜಾಗ ಬದಲಿಸಿಕೊಂಡೆವು. ಹುಡುಗಿ ಹಲಗೆಯ ಇನ್ನೊಂದು ಮುಖ ತೋರಿಸಿ ಕೈಬೀಸಿದಳು. ಪುಸ್ತಕ ಈಗ ವರ್ಲಿನ್‌ನ ತೊಡೆಯ ಮೇಲಿತ್ತು. ಅದನ್ನು ತೆರೆಯದೆಯೇ ಒಂದಕ್ಷರ ತಪ್ಪದೆ ಹೇಳುತ್ತ ಹೋದ: ಎಡಗಡೆ ಮರಳುಗಲ್ಲು, ಬಲಗಡೆ ಸುಣ್ಣಕಲ್ಲು. ನಾನು ರಸ್ತೆ ನೋಡುತ್ತಿದ್ದೆ. ಕಲ್ಲುಗಳನ್ನು ಯಾರೂ ನೋಡುತ್ತಿರಲಿಲ್ಲ.

"ಲಾರಿ ಬರ್ತಿದೆ, ನೋಡ್ಕೋ" ಅಂದ ಇದ್ದಕ್ಕಿದ್ದಂತೆ.

ಯಾವ ಲಾರಿಯೂ ಇರಲಿಲ್ಲ. ನಾನು ರೇಗಲಿಲ್ಲ. ಸ್ವಲ್ಪ ನಿಧಾನಿಸಿದೆ.